ಅಪ್‌ಡೇಟ್: ಅಮ್ಮನ ಪಾಸ್‌ಪೋರ್ಟ್ ಕೈಗೆ ಬಂತು

ಅಮ್ಮನ ಪಾಸ್‌ಪೋರ್ಟ್‌ಗೆ ಇನ್ನು ನಾಲ್ಕೇ ತಿಂಗಳು ಬಾಕಿ, ದುಬೈಗೆ ಅಕ್ಕನ ಮನೆಗೆ ಹೋಗಬಹುದಾ ಅಂತ ಕೇಳಿದ್ದೆ. ಅಲ್ಲಿ ಇಳಿಯುವಾಗ ಕನಿಷ್ಠ ಆರು ತಿಂಗಳ ವ್ಯಾಲಿಡಿಟಿ ಬೇಕು ಅಂದಿದ್ದಿರಿ. ಸರಿ, ರೀ-ಇಶ್ಯೂಗೆ ಹಾಕಿದೆವು. ಮಂಗಳೂರಿಗೆ ಓಡಬೇಕಾಗಲಿಲ್ಲ, ಉಡುಪಿಯ ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಕೇಂದ್ರದಲ್ಲೇ ಕೆಲಸ ಆಯಿತು. 36 ಪುಟದ್ದಕ್ಕೆ 1,500 ರೂಪಾಯಿ. ತತ್ಕಾಲ್ ಆದರೆ 2,000 ಜಾಸ್ತಿ. ಟೈಮ್ ಇತ್ತು, ಸುಮ್ನೆ ಯಾಕೆ ಅಂತ ಬಿಟ್ಟೆವು.

ಹಳೇದಕ್ಕೆ ಕ್ಯಾನ್ಸಲ್ ಸೀಲು ಒತ್ತಿ ವಾಪಸ್ ಕೊಟ್ಟರು. ಅಮ್ಮ ಅದನ್ನೇ ಹೊಸದಕ್ಕಿಂತ ಜೋಪಾನವಾಗಿ ಕಪಾಟಿನಲ್ಲಿಟ್ಟಿದ್ದಾರೆ! ಎಸೆಯಲೂಬಾರದು ಬಿಡಿ, ಅದರಲ್ಲಿ ಚಾಲ್ತಿ ವೀಸಾ ಇದ್ದವರು ಎರಡನ್ನೂ ಒಯ್ಯಬೇಕು.

ಅಂದಹಾಗೆ, ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು. ಅಪ್ಪನದ್ದೂ ಈಗಲೇ ಹಾಕುತ್ತಿದ್ದೇವೆ.