ಮೂರು ಆಟೋಮ್ಯಾಟಿಕ್ ವಾಚು ಬೇಡ ಸಂಗು, ಒಂದೇ ಸಾಕು

ಸಂಗು, ನಿನ್ನ ಮೆಸೇಜು ಬೆಳಿಗ್ಗೆನೇ ನೋಡಿದ್ದೆ. ಮಿಲ್ಲಿನಲ್ಲಿ ತೊಗರಿ ಲೋಡಿಂಗ್ ನಡೆದಿತ್ತು, ಈಗ ಬಿಡುವಾಯಿತು. ವಾಯ್ಸ್ ಕಳಿಸಿದರೆ ಹತ್ತು ನಿಮಿಷ ಆಗುತ್ತದೆ, ಈ ಗ್ರೂಪಿನಲ್ಲಿ ಯಾರೂ ಪೂರ್ತಿ ಕೇಳುವುದಿಲ್ಲ ಅಂತ ಗೊತ್ತು, ಅದಕ್ಕೆ ಫೋನಿಗೆ ಮಾತಾಡಿ ಅಕ್ಷರ ಮಾಡಿಸುತ್ತಿದ್ದೇನೆ. ಮಾತು ಅತ್ತಿತ್ತ ಹೋದರೆ ಸುಧಾರಿಸಿಕೊಳ್ಳಿ.

ನೀನು ಕೇಳಿದ್ದು ಇಷ್ಟು. 30 ಸಾವಿರ ಕೂಡಿಟ್ಟಿದ್ದೀಯ, ಅದರಲ್ಲಿ ಮೂರು ಆಟೋಮ್ಯಾಟಿಕ್ ವಾಚು ಆಗಬೇಕು. ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿ ಡ್ಯೂಟಿಗೆ ಒಂದು, ಅಕ್ಕನ ಮದುವೆಗೆ ಒಂದು, ಊರು, ಜಾತ್ರೆ, ತಿರುಗಾಟಕ್ಕೆ ಒಂದು. ಅದಕ್ಕೆ ನಿನ್ನ ದೊಡ್ಡಪ್ಪ "ಮೂರೂ ತಗೋ, ಸೆಲ್ ಹಾಕಿಸುವ ಖರ್ಚೇ ಇಲ್ಲ" ಅಂದಿದ್ದಾರೆ. ಅಣ್ಣಾ, ಬೇಜಾರಾಗಬೇಡಿ, ಸೆಲ್ಲಿನ ಖರ್ಚು ಉಳಿಯುವುದು ನಿಜ, ಆದರೆ ಆ ವಾಚಿನ ಖರ್ಚು ಬೇರೆ ಕಡೆ ಕೂತಿರುತ್ತದೆ.

ಆಟೋಮ್ಯಾಟಿಕ್ ಅಂದರೆ ದಿನಾ ಹಾಕುವವನ ವಾಚು. ಒಳಗೆ ಅರ್ಧಚಂದ್ರದ ಹಾಗಿರುವ ತೂಕದ ತಟ್ಟೆ ಇರುತ್ತದೆ, ರೋಟರ್ ಅಂತಾರೆ. ಕೈ ಆಡಿದ ಹಾಗೆ ಅದು ತಿರುಗುತ್ತದೆ, ತಿರುಗಿದ ಹಾಗೆ ಸ್ಪ್ರಿಂಗು ಬಿಗಿಯಾಗುತ್ತದೆ. ಹಿಂಬದಿ ಗಾಜಿನದಾಗಿದ್ದರೆ ಕಣ್ಣಿಗೇ ಕಾಣುತ್ತದೆ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಣ್ಣಗೆ ಗರಗರ ಅನ್ನುತ್ತದೆ. ಸ್ಪ್ರಿಂಗು ಪೂರ್ತಿ ತುಂಬಿದರೆ ಈ ರೇಟಿನ ವಾಚುಗಳು 40 ಗಂಟೆ ಆಚೀಚೆ ನಡೆಯುತ್ತವೆ. ಸೀಕೋ 5 ಸ್ಪೋರ್ಟ್ಸ್‌ನಲ್ಲಿರುವ 4ಆರ್36 ಮಷಿನ್ನಿಗೆ ಕಂಪನಿ ಹೇಳುವುದು 41 ಗಂಟೆ. ಅಂದರೆ ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಆದಿತ್ಯವಾರ ಮಧ್ಯಾಹ್ನ ಊಟದ ಹೊತ್ತಿಗೆ ನಿಂತಿರುತ್ತದೆ.

ಈಗ ಮೂರು ತಗೊಂಡೆ ಅನ್ನು. ಕೈ ಇರುವುದು ಒಂದೇ ವಾಚಿಗೆ, ಉಳಿದೆರಡು ಅಲಮಾರಿಯಲ್ಲಿ ಸತ್ತು ಬಿದ್ದಿರುತ್ತವೆ. ಮದುವೆ ದಿನ ಬೆಳಿಗ್ಗೆ ಶೇರವಾನಿ ಗುಂಡಿ ಹಾಕುತ್ತಾ ಟೈಮು, ತಾರೀಖು, ವಾರ ಎಲ್ಲಾ ಮತ್ತೆ ಕೂಡಿಸಬೇಕು. ಅದರಲ್ಲೂ ಒಂದು ಹುಷಾರಿ ಇದೆ. ಮುಳ್ಳು ರಾತ್ರಿ 9ರಿಂದ ಬೆಳಗಿನ 4ರ ನಡುವೆ ಇದ್ದಾಗ ತಾರೀಖು ನೇರವಾಗಿ ತಿರುಗಿಸಬಾರದು, ಆ ಹೊತ್ತಿಗೆ ಒಳಗಿನ ಹಲ್ಲುಗಳು ತಾರೀಖು ಬದಲಿಸುವ ಕೆಲಸದಲ್ಲಿ ಸಿಕ್ಕಿಕೊಂಡಿರುತ್ತವೆ, ಒತ್ತಾಯ ಮಾಡಿದರೆ ಮುರಿಯುತ್ತವೆ. ನಿಂತ ವಾಚಿನಲ್ಲಿ ಈಗ ಹಗಲೋ ರಾತ್ರಿಯೋ ಅಂತ ಮುಳ್ಳು ನೋಡಿ ಹೇಗೆ ತಿಳಿಯುತ್ತದೆ? ಮೊದಲು ಮುಳ್ಳನ್ನು 6:30ಕ್ಕೆ ತಂದು, ನಿನ್ನೆಯ ತಾರೀಖು ಹಾಕಿ, ಆಮೇಲೆ ತಾರೀಖು ಬದಲಾಗುವ ತನಕ ಮುಳ್ಳು ಮುಂದೆ ತಿರುಗಿಸಿ ಇವತ್ತಿನ ಟೈಮಿಗೆ ನಿಲ್ಲಿಸಬೇಕು. ಮಾಡಬಹುದು, ಕಷ್ಟವೇನಲ್ಲ. ಆದರೆ ಹೊರಗೆ ಬ್ಯಾಂಡಿನವರು ಬಂದು ನಿಂತಾಗ ಯಾರು ಮಾಡುತ್ತಾರೆ?

ಇನ್ನೊಂದು ಖರ್ಚು ಸರ್ವಿಸು. ಹಾಕಲಿ, ಹಾಕದಿರಲಿ, ಒಳಗಿನ ಎಣ್ಣೆ ಒಣಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಮೂರಿದ್ದರೆ ಮೂರಕ್ಕೂ. ಸೆಲ್ಲಿನ ಲೆಕ್ಕ ಅಲ್ಲಿಗೇ ತೀರಿತಲ್ವಾ ಅಣ್ಣಾ?

ಅದಕ್ಕೆ ನಾನು ಹೇಳುವುದು, ಆಟೋಮ್ಯಾಟಿಕ್ ಒಂದೇ ತಗೋ, ಅದೂ ಡ್ಯೂಟಿಗೆ. ನಮ್ಮಲ್ಲಿ ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ದುಬಾರಿ ವಾಚು ಮದುವೆಗೆ ಅಂತ ಎತ್ತಿಡುತ್ತಾರೆ, ದಿನಕ್ಕೆ ಏನೋ ಒಂದು ಕಟ್ಟಿಕೊಂಡು ತಿರುಗುತ್ತಾರೆ. ಆಟೋಮ್ಯಾಟಿಕ್‌ಗೆ ಬೇಕಾದದ್ದು ದಿನಾ ಆಡುವ ಕೈ, ನಿನಗಂತೂ ದಿನಾ ಬೈಕು, ಪ್ಲಾಂಟು, ಮೆಟ್ಟಿಲು ಇದ್ದೇ ಇವೆ.

ಡ್ಯೂಟಿ ವಾಚಿಗೆ ಏನು ನೋಡಬೇಕು ಅಂದರೆ ಮೊದಲು ಗಾಜು. ಸಿಮೆಂಟ್ ಫ್ಯಾಕ್ಟರಿ ಧೂಳಿನಲ್ಲಿ ಕಲ್ಲಿನ, ಮರಳಿನ ಪುಡಿ ಇರುತ್ತದೆ. ಬೆವರು ಒರೆಸುವ ಹಾಗೆ ಅಂಗಿ ತೋಳಿನಿಂದ ವಾಚು ಒರೆಸಿದರೆ ಸಾದಾ ಮಿನರಲ್ ಗಾಜಿನ ಮೇಲೆ ಕೂದಲೆಳೆ ಗೀರು ಬೀಳುತ್ತವೆ, ಆರು ತಿಂಗಳಲ್ಲಿ ಬಿಸಿಲಿಗೆ ಹಿಡಿದರೆ ಡಯಲ್ಲಿಗಿಂತ ಗೀರೇ ಜಾಸ್ತಿ ಕಾಣುತ್ತವೆ. ಸೀಕೋ 5ರಲ್ಲಿ ಸಾಮಾನ್ಯವಾಗಿ ಬರುವ ಹಾರ್ಡ್‌ಲೆಕ್ಸ್ ಗಾಜು ಸ್ವಲ್ಪ ಗಟ್ಟಿ, ಆದರೂ ಗೀರು ಬೀಳುತ್ತದೆ. ಸಫೈರ್ ಗಾಜಿನ ಮಾತೇ ಬೇರೆ, ಅದಕ್ಕೆ ಮರಳು ತಾಗುವುದಿಲ್ಲ. ಆದರೆ ಕಬ್ಬಿಣದ ಮೂಲೆಗೆ ಜೋರಾಗಿ ಬಡಿದರೆ ಅದೂ ಒಡೆಯುತ್ತದೆ, ಅದು ನೆನಪಿರಲಿ.

ಎರಡನೆಯದು ನೀರು. ಡಯಲ್ಲಿನ ಮೇಲೆ 30 ಮೀಟರ್ ಅಂತ ಬರೆದಿದ್ದರೆ 30 ಮೀಟರ್ ಆಳಕ್ಕೆ ಹೋಗಬಹುದು ಅಂತ ಅಲ್ಲ, ಕೈ ತೊಳೆಯುವಾಗ ಸಿಡಿದ ಹನಿ ತಡೆಯುತ್ತದೆ ಅಂತ ಅಷ್ಟೇ. 100 ಮೀಟರ್ ಇದ್ದರೆ ಈಜಬಹುದು, ಗಾಣಗಾಪುರಕ್ಕೆ ಹೋದಾಗ ಸಂಗಮದಲ್ಲಿ ಬಿಚ್ಚದೆ ಮುಳುಗು ಹಾಕಬಹುದು. ಬಿಸಿನೀರಿನ ಸ್ನಾನಕ್ಕೆ ಮಾತ್ರ ಯಾವುದೂ ಬೇಡ, ಬಿಸಿ ಮತ್ತು ಸೋಪು ಸೇರಿ ಒಳಗಿನ ರಬ್ಬರ್ ರಿಂಗು ಹಾಳಾಗುತ್ತದೆ.

ಮೂರನೆಯದು ಯಾರೂ ಹೇಳದ ಮಾತು, ಅಯಸ್ಕಾಂತ. ಸಿಮೆಂಟ್ ಪ್ಲಾಂಟಿನಲ್ಲಿ ಬೆಲ್ಟಿನ ಮೇಲೆ ಬರುವ ಮಾಲಿನಲ್ಲಿ ಕಬ್ಬಿಣದ ಚೂರು ಸೇರಿದ್ದರೆ ಎತ್ತಿಕೊಳ್ಳಲು ದೊಡ್ಡ ಮ್ಯಾಗ್ನೆಟ್ ಹಾಕಿರುತ್ತಾರೆ, ನೀನೇ ನೋಡಿರುತ್ತೀಯ. ಅದರ ಹತ್ತಿರ ಕೈ ಹೋದರೆ ವಾಚಿನೊಳಗಿನ ಕೂದಲಿನಷ್ಟು ಸಣ್ಣ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ವಾಚು ಒಮ್ಮೆಲೇ ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡುತ್ತದೆ. ಹುಡುಗರು ಕೆಟ್ಟಿತು ಅಂತ ಎಸೆದೇ ಬಿಡುತ್ತಾರೆ. ಫೋನಿನಲ್ಲಿ ದಿಕ್ಸೂಚಿ ತೆಗೆದು ವಾಚನ್ನು ಹತ್ತಿರ ತಂದು ನೋಡು, ಮುಳ್ಳು ಜೋರಾಗಿ ಓಲಾಡಿದರೆ ಅಯಸ್ಕಾಂತ ಹಿಡಿದಿದೆ ಅಂತ ಅರ್ಥ. ರಿಪೇರಿಯವರ ಹತ್ತಿರ ಅದನ್ನು ಬಿಡಿಸುವ ಸಣ್ಣ ಪೆಟ್ಟಿಗೆ ಇರುತ್ತದೆ, ಒತ್ತಿದರೆ ಕ್ಷಣದಲ್ಲಿ ಸರಿಹೋಗುತ್ತದೆ. ಹಾಗೇ, ಬ್ರೇಕರ್ ಹಿಡಿದು ಕಾಂಕ್ರೀಟ್ ಒಡೆಯುವ ಜಾಗದಲ್ಲಿ ಕೈ ಹಾಕುವುದಿದ್ದರೆ ಬಿಚ್ಚಿ ಜೇಬಿಗೆ ಇಟ್ಟುಕೋ. ಬೈಕಿನ ನಡುಕಕ್ಕೆ ಏನೂ ಆಗುವುದಿಲ್ಲ.

ಇಷ್ಟೆಲ್ಲ ಕೂಡಿಸಿದರೆ ನನ್ನ ಓಟು ಓರಿಯಂಟ್ ಕಮಾಸುಗೆ. ಸಫೈರ್ ಗಾಜು, 200 ಮೀಟರ್, ಪಕ್ಕದ ಚಾವಿ ಸ್ಕ್ರೂ ಹಾಗೆ ಬಿಗಿಯಾಗುತ್ತದೆ, ಆದ್ದರಿಂದ ಧೂಳೂ ಒಳಗೆ ಹೋಗುವುದಿಲ್ಲ. ಡಯಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಓರಿಯಂಟ್ ಅಂತ ಇದೆ, ಜನ ಗುರುತಿಸುವುದಿಲ್ಲ, "ಯಾವುದಪ್ಪಾ ಇದು" ಅಂತಾರೆ. ಅದು ಜಪಾನಿನದೇ, ಸೀಕೋ ಎಪ್ಸನ್ನಿಗೆ ಸೇರಿದ್ದು. ಸುಮಾರು 42 ಮಿ.ಮೀ. ಅಗಲ, ನಿನ್ನ ಮಣಿಕಟ್ಟು ಸಣ್ಣದಾದರೆ ದಪ್ಪ ಅನ್ನಿಸಬಹುದು. ಹಾಗನ್ನಿಸಿದರೆ ಸೀಕೋ 5 ಸ್ಪೋರ್ಟ್ಸ್‌ನಲ್ಲಿ 38ರ ಸೈಜು ಬಂದಿದೆ, ಅದು 100 ಮೀಟರ್. ಸೀಕೋ 5 ಅನ್ನುವ ಹೆಸರು 1963ರಿಂದ ಇದೆ, ಅದರ ಮಷಿನ್ನು ಯಾವ ಊರಿನ ರಿಪೇರಿಯವನಿಗೂ ಹೊಸದಲ್ಲ, ಅದೊಂದು ದೊಡ್ಡ ಅನುಕೂಲ. ಸಿಟಿಜನ್ ತ್ಸುಯೋಸಾ ನೋಡಲು ಎಲ್ಲಕ್ಕಿಂತ ಚಂದ, ಸಫೈರ್ ಗಾಜೂ ಇದೆ, ಆದರೆ ನೀರಿಗೆ 50 ಮೀಟರ್ ಅಷ್ಟೇ, ಅದರ ಚೈನು ಕೇಸಿಗೆ ಕೂಡಿಕೊಂಡ ಹಾಗಿರುತ್ತದೆ, ಅಂಗಡಿಯ ಸಾದಾ ಬೆಲ್ಟು ಅದಕ್ಕೆ ಒಪ್ಪುವುದಿಲ್ಲ. ಎಸಿ ಆಫೀಸಿನವರಿಗೆ ಅದೇ ಸರಿ. ಟೈಟನ್ನಿನಲ್ಲೂ ಆಟೋಮ್ಯಾಟಿಕ್ ಇವೆ, ಶೋರೂಮು ಊರಲ್ಲೇ ಇದೆ, ಕೈಗೆ ಹಾಕಿ ನೋಡಿ ತಗೋಬಹುದು. ದಿನಾ ಶರ್ಟ್ ಇನ್ ಮಾಡಿ ಕೂರುವ ಕೆಲಸ ಆಗಿದ್ದರೆ ಅದನ್ನೇ ಹೇಳುತ್ತಿದ್ದೆ.

ಟೈಮು ಎಷ್ಟು ಸರಿ ತೋರಿಸುತ್ತದೆ ಅಂತ ದೊಡ್ಡಪ್ಪ ಕೇಳಿದ್ದಾರೆ. ನಾನು ಹೇಳಿದ ಆ ಸೀಕೋ ಮಷಿನ್ನಿಗೆ ಕಂಪನಿ ಕೊಡುವ ಮಾತು ದಿನಕ್ಕೆ 45 ಸೆಕೆಂಡ್ ಮುಂದೆ, 35 ಸೆಕೆಂಡ್ ಹಿಂದೆ, ಇದರೊಳಗೆ ಇರುತ್ತದೆ ಅಂತ. ನಿಜದಲ್ಲಿ ಅದಕ್ಕಿಂತ ಚೆನ್ನಾಗೇ ನಡೆಯುತ್ತವೆ. ಸೆಲ್ ವಾಚಿನಲ್ಲಿ ಇಷ್ಟು ವ್ಯತ್ಯಾಸ ಬರಲು ತಿಂಗಳೇ ಬೇಕು. ನಮ್ಮ ಮನೆ ಮದುವೆಗಳಲ್ಲಿ 12:35ರ ಮುಹೂರ್ತದ ಅಕ್ಕಿಕಾಳು ಎಷ್ಟು ಗಂಟೆಗೆ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು, ಅಲ್ಲಿ ಅರ್ಧ ನಿಮಿಷದ ಮಾತು ಯಾಕೆ ಅಣ್ಣಾ?

ಮದುವೆ ಅಂದೆನಲ್ಲ, ಈಗ ಅದಕ್ಕೆ ಬರೋಣ. ಮದುವೆಗೆ ನೀನು ಏನೂ ಕೊಳ್ಳಬೇಡ. ನಮ್ಮಪ್ಪ, ಅಂದರೆ ನಿನ್ನ ಮುತ್ಯಾನ ಎಚ್‌ಎಂಟಿ ಜನತಾ ಮನೆಯಲ್ಲೇ ಇದೆ. ಚಾವಿ ಕೊಡುವ ವಾಚು, 17 ಜ್ಯೂಯೆಲ್ಲಿನದು, ಅಂದರೆ ಒಳಗೆ ಸವೆಯದ ಹಾಗೆ 17 ಸಣ್ಣ ಹರಳು ಕೂಡಿಸಿದ್ದು. ಎಂದೋ ಒಮ್ಮೆ ಹಾಕುವುದಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ತಾರೀಖು ಇಲ್ಲ, ವಾರ ಇಲ್ಲ, ಬೆಳಿಗ್ಗೆ ಎದ್ದು ಚಾವಿ ಕೊಟ್ಟು ಮುಳ್ಳು ಕೂಡಿಸಿದರೆ ಮುಗಿಯಿತು. ತೆಳ್ಳಗಿದೆ, ಶೇರವಾನಿ ತೋಳಿನೊಳಗೆ ಸುಮ್ನೆ ಜಾರಿಕೊಂಡು ಹೋಗುತ್ತದೆ. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಎಚ್‌ಎಂಟಿಯವರು ವಾಚು ಮಾಡಲು ಶುರು ಮಾಡಿದ್ದು, 2016ರಲ್ಲಿ ಸರಕಾರ ಆ ವಾಚು ಕಂಪನಿ ಮುಚ್ಚುವ ತೀರ್ಮಾನ ಮಾಡಿತು. ಆಗಿನ ಕಾಲದಲ್ಲಿ ಅಳಿಯನಿಗೆ ಕೊಡಬೇಕು ಅಂದರೆ ಕಾಂಚನ್ ಅಂತ ಬಂಗಾರ ಬಣ್ಣದ ಆಟೋಮ್ಯಾಟಿಕ್ಕೇ ಆಗಬೇಕಿತ್ತು, ಅದಕ್ಕಾಗಿ ಮುನಿಸಿಕೊಂಡ ಅಳಿಯಂದಿರ ಹೆಸರು ಇಲ್ಲಿ ಹೇಳುವುದಿಲ್ಲ. ಜನತಾಕ್ಕೆ ಸರ್ವಿಸು ಮಾಡಿಸಿ ಒಂದು ಕಂದು ಚರ್ಮದ ಬೆಲ್ಟು ಹಾಕಿಸೋಣ. ಸೂಪರ್ ಮಾರ್ಕೆಟ್ ಬಜಾರಿನ ಕಡೆ ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಕೂರುವ ಹಳಬರು ಇನ್ನೂ ಇದ್ದಾರೆ.

ಹೊಸದೇ ಬೇಕು ಅಂತ ಹಟ ಇದ್ದರೆ ಓರಿಯಂಟ್ ಬ್ಯಾಂಬಿನೋ ನೋಡು, ಉಬ್ಬಿದ ಗಾಜು, ಸಾದಾ ಡಯಲ್, ಹಳೇ ಕಾಲದ ಚಂದ. 38 ಮಿ.ಮೀ.ದು ಸಿಕ್ಕರೆ ಅದನ್ನೇ ತಗೋ. ಆದರೆ ಅದು 30 ಮೀಟರಿನದು, ಅರಿಶಿಣ ಹಚ್ಚುವ ದಿನ ನೀರೆರಚುವಾಗ ಕೈಯಲ್ಲಿ ಇರಬಾರದು.

ತಿರುಗಾಟಕ್ಕೆ ಬೇರೆ ವಾಚು ಯಾಕೆ? ಡ್ಯೂಟಿ ವಾಚಿಗೇ ಒಂದು ನೈಲಾನ್ ಬೆಲ್ಟು ಇಟ್ಟುಕೋ. ನಮ್ಮ ಬೇಸಿಗೆಯಲ್ಲಿ ಚರ್ಮದ ಬೆಲ್ಟು ಬೆವರಿಗೆ ವಾಸನೆ ಹಿಡಿಯುತ್ತದೆ, ಚೈನು ಬಿಸಿಲಿಗೆ ಸುಡುತ್ತದೆ, ನೈಲಾನ್ ಆದರೆ ತೊಳೆದು ಒಣಗಿಸಿದರೆ ಆಯಿತು. ಹೊಲಕ್ಕೆ ತೊಗರಿ ರಾಶಿಗೆ ಬರುವಾಗ ಮಾತ್ರ ಕ್ಯಾಸಿಯೋ ಎಫ್-91ಡಬ್ಲ್ಯೂ ಕಟ್ಟಿಕೋ, 1989ರಿಂದ ಅದೇ ಮಾದರಿ ಬರುತ್ತಿದೆ, ಒಂದು ಸೆಲ್ಲಿಗೆ ಏಳು ವರ್ಷ ಅಂತಾರೆ, ಕಳೆದರೂ ಹೊಟ್ಟೆ ಉರಿಯುವುದಿಲ್ಲ. ಇನ್ನೊಂದು ಮಾತು, ಮೇ ತಿಂಗಳಲ್ಲಿ ವಾಚನ್ನು ಬೈಕಿನ ಡಿಕ್ಕಿಯಲ್ಲೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಬಿಡಬೇಡ.

ನಿನ್ನ ಫ್ರೆಂಡು ಕಳಿಸಿದ ಲಿಂಕು ನೋಡಿದೆ, ಹಳೇ ಸೀಕೋ 5, ಮೂರು ಸಾವಿರ, "ಹೊಸದರ ಹಾಗೇ ಇದೆ" ಅಂತ. ಅದನ್ನು ಮುಟ್ಟಬೇಡ. ಹಳೇ ಮಷಿನ್ನಿಗೆ ಹೊಸ ಬಣ್ಣ ಬಳಿದ ಡಯಲ್ ಕೂಡಿಸಿ ಮಾರುವ ದಂಧೆ ಅದು. ಫೋಟೋ ದೊಡ್ಡದು ಮಾಡಿ ನೋಡು, ಅಕ್ಷರಗಳ ಅಂಚು ಊದಿಕೊಂಡ ಹಾಗಿದೆ, ನಿಮಿಷದ ಗೆರೆಗಳು ಡಯಲ್ಲಿನ ಅಂಚಿಗೆ ಸರಿಯಾಗಿ ಕೂತಿಲ್ಲ, ಮುಳ್ಳಿನ ಮೇಲಿನ ಹಸಿರು ಒಂದು ಬಣ್ಣ, ಡಯಲ್ಲಿನ ಮೇಲಿನ ಚುಕ್ಕೆ ಇನ್ನೊಂದು ಬಣ್ಣ. ಕಿತ್ತಳೆ, ಗಿಳಿಹಸಿರು ಡಯಲ್ಲಿನ ಎಚ್‌ಎಂಟಿಗಳೂ ಬಹಳಷ್ಟು ಹೀಗೇ ಕೂಡಿಸಿದವು. ಮುದ್ರೆ ಹಾಕಿದ ವಾರಂಟಿ ಕಾರ್ಡು ಮತ್ತು ಬಿಲ್ಲು ಇಲ್ಲದೆ ಹೊಸ ವಾಚು ತಗೋಬೇಡ, ನೂರು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ಪೂಜಾ, ನಿನ್ನ ಕೈಗೆ ಯಾವ ಆಟೋಮ್ಯಾಟಿಕ್ ಸರಿ ಅಂತ ನೀನೂ ಕೇಳಿದ್ದೆಯಲ್ಲ. ಹೆಣ್ಣುಮಕ್ಕಳಿಗೆ ಅಂತ ಮಾಡಿದ ಅಗ್ಗದ ಆಟೋಮ್ಯಾಟಿಕ್ ಕಡಿಮೆ, ಅದಕ್ಕೆ ಗಂಡಸರ ಸಾಲಿನಲ್ಲೇ 36, 37 ಮಿ.ಮೀ.ದು ಹುಡುಕು. ಬೆಲ್ಟು ಸಿಕ್ಕಿಸುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನ ತನಕದ ಉದ್ದ ನಿನ್ನ ಮಣಿಕಟ್ಟಿನ ಅಗಲ ದಾಟಬಾರದು, ಡಯಲ್ಲಿನ ಅಗಲಕ್ಕಿಂತ ಅದು ಮುಖ್ಯ.

ವೈನಿ, ಮುತ್ಯಾನ ವಾಚು ನಿಮ್ಮ ಟ್ರಂಕಿನಲ್ಲೇ ಇರಬೇಕು, ಹಳೇ ಕನ್ನಡಕದ ಡಬ್ಬಿಯಲ್ಲಿ ನೋಡಿ. ಸಿಕ್ಕರೆ ನಡೆಯುತ್ತದಾ ಅಂತ ಚಾವಿ ಕೊಟ್ಟು ನೋಡಬೇಡಿ, ಇಷ್ಟು ವರ್ಷಕ್ಕೆ ಎಣ್ಣೆ ಒಣಗಿ ಗಟ್ಟಿಯಾಗಿರುತ್ತದೆ, ಒಣಗಿದ್ದರ ಮೇಲೆ ನಡೆಸಿದರೆ ಹಲ್ಲು ಸವೆಯುತ್ತವೆ. ಹಾಗೇ ಸಂಗು ಕೈಯಲ್ಲಿ ಕಳಿಸಿ, ಆದಿತ್ಯವಾರ ನಾನೇ ಕರೆದುಕೊಂಡು ಹೋಗಿ ಕೊಟ್ಟು ಬರುತ್ತೇನೆ.