ಅಪ್‌ಡೇಟ್: ಮೆಥಿಲೀನ್ ಬ್ಲೂ ಟೆಸ್ಟಲ್ಲಿ ನಮ್ಮ ಹಾಲು ಫೇಲ್ ಆಗ್ತಿದ್ದ ವಿಷ್ಯ

ನಾನು ಮುಳಬಾಗಿಲು ಕಡೆಯವ್ನು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಘನಾಂಶ) ಎಲ್ಲಾ ಸರಿ ಇದ್ರೂ ಈ ಟೆಸ್ಟಲ್ಲಿ ಹಾಲು ಯಾಕೆ ನಿಲ್ತಿಲ್ಲ ಅಂತ ಕೇಳಿದ್ನಲ್ಲ, ಕಾರಣ ಸಿಕ್ತು. ಲ್ಯಾಬಲ್ಲಿ ಕೂತು ನೋಡ್ದೆ, 10 ಎಂಎಲ್ ಹಾಲಿಗೆ 1 ಎಂಎಲ್ ನೀಲಿ ದ್ರಾವಣ ಹಾಕಿ ಬಿರಡೆ ಮುಚ್ಚಿ 37 ಡಿಗ್ರಿ ನೀರಲ್ಲಿ ಇಡ್ತಾರೆ, ಬ್ಯಾಕ್ಟೀರಿಯಾ ಹಾಲಲ್ಲಿರೋ ಆಕ್ಸಿಜನ್ ಖಾಲಿ ಮಾಡ್ತಿದ್ದಂಗೆ ನೀಲಿ ಹೋಗಿ ಬಿಳಿ ಆಗುತ್ತೆ. ಅಂದ್ರೆ ಬ್ಯಾಕ್ಟೀರಿಯಾ ಎಣಿಸೋ ಟೆಸ್ಟಲ್ಲ ಇದು, ಅವು ಎಷ್ಟು ಚುರುಕಾಗಿವೆ ಅಂತ ನೋಡೋದು. ನೀಲಿ ಬಣ್ಣ 5 ಗಂಟೆ ನಿಂತ್ರೆ ಹಾಲು ಬಹಳ ಚೆನ್ನಾಗಿದೆ ಅಂತ, ಅರ್ಧ ಗಂಟೇಲೇ ಬಿಳಿ ಆದ್ರೆ ಕಳಪೆ. ನಮ್ದು ಒಂದು ಗಂಟೇನೂ ನಿಲ್ತಿರ್ಲಿಲ್ಲ! ಬ್ಯಾಕ್ಟೀರಿಯಾ ಎಲ್ಲಿಂದ ಬರ್ತಿವೆ ಅಂತ ಹಾಲಿನ ಕ್ಯಾನ್ ಮುಚ್ಚಳದ ರಬ್ಬರ್ ವಾಷರ್ ಕಿತ್ತು ನೋಡಿದ್ರೆ ಅಡಿಲಿ ಹಳದಿ ಪದರ, ಹುಳಿ ವಾಸ್ನೆ. ಕೆಚ್ಚಲು ಬಾವು ಅಂತ ಹೆದರ್ಸಿದ್ರು, ಹಸು ಆರಾಮಾಗಿದೆ. ವಾಷರ್ ಹೊಸದು ಹಾಕಿದ್ಮೇಲೆ ನಾಲ್ಕು ಗಂಟೆ ದಾಟ್ತಿದೆ.