ಸಹಾಯ ಬೇಕು: ಪಾಲಿಮರ್ ಮೈಕ್ರೋಬಬಲ್ ಬಾಳಿಕೆಯೂ ಬರಬೇಕು, ಅಲ್ಟ್ರಾಸೌಂಡ್‌ಗೆ ಒಡೆಯಲೂಬೇಕು

ನಮಸ್ಕಾರ. ಪಾಲಿಮರ್ ಅಥವಾ ಅಲ್ಟ್ರಾಸೌಂಡ್ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ಕ್ಯಾನ್ಸರ್ ಗಡ್ಡೆಗೆ ಔಷಧಿ ತಲುಪಿಸಲು ಬ್ಯುಟೈಲ್ ಸಯನೋಅಕ್ರಿಲೇಟ್ ಮೈಕ್ರೋಬಬಲ್ (ಪಾಲಿಮರ್ ಗೋಡೆಯೊಳಗೆ ಗ್ಯಾಸ್ ಇರುವ ಅತಿ ಸಣ್ಣ ಗುಳ್ಳೆ, ಗಡ್ಡೆಯ ಹತ್ತಿರ ಅಲ್ಟ್ರಾಸೌಂಡ್‌ನಿಂದ ಒಡೆಯಬೇಕು) ಮಾಡುತ್ತಿದ್ದೇನೆ, ಪಿಎಚ್‌ಡಿ ಕೆಲಸ. ವಿಧಾನ ಎಲ್ಲರಿಗೂ ಗೊತ್ತಿರುವುದೇ: ಟ್ರೈಟಾನ್ ಎಕ್ಸ್-100 (ಸೋಪಿನಂಥ ರಾಸಾಯನಿಕ) ಹಾಕಿದ, ಪಿಎಚ್ 2.5 ಇರುವ ನೀರಿಗೆ ಮೊನೊಮರ್ (ಸೇರಿಕೊಂಡು ಪಾಲಿಮರ್ ಆಗುವ ಮೂಲ ದ್ರವ) ಬಿಟ್ಟು 10,000 ಆರ್‌ಪಿಎಂನಲ್ಲಿ ಒಂದು ಗಂಟೆ ಕಲಕುವುದು. ಗುಳ್ಳೆ ಬರುತ್ತವೆ, ಆದರೆ ಸೈಜ್ ಒಂದೇ ಸಮ ಇರುವುದಿಲ್ಲ. ದೊಡ್ಡವು ಶ್ವಾಸಕೋಶದ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳಬಹುದು, ಹಾಗಾಗಿ ನನಗೆ 2-3 ಮೈಕ್ರಾನ್‌ನವು ಮಾತ್ರ ಬೇಕು. ಸೆಂಟ್ರಿಫ್ಯೂಜ್‌ನಲ್ಲಿ ತೊಳೆಯಲು ಹೋದರೆ ತುಂಬಾ ಒಡೆದುಹೋಗುತ್ತವೆ.

ದೊಡ್ಡ ತಲೆನೋವು ಗೋಡೆಯದು. ಲಿಪಿಡ್ (ಕೊಬ್ಬಿನಂಥ ವಸ್ತು) ಗೋಡೆಯ ಗುಳ್ಳೆ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ ಅಂತಲೇ ಪಾಲಿಮರ್ ಹಿಡಿದಿದ್ದು, ಗೋಡೆಯಲ್ಲಿ ಔಷಧಿಯೂ ಜಾಸ್ತಿ ಹಿಡಿಸುತ್ತದೆ ಅಲ್ವಾ. ಆದರೆ ಗೋಡೆ ದಪ್ಪವಾದಷ್ಟೂ ಗುಳ್ಳೆ ಸರಿಯಾಗಿ ಕಂಪಿಸುವುದಿಲ್ಲ, ಅಲ್ಟ್ರಾಸೌಂಡ್ ಒತ್ತಡ ಏರಿಸಿದರೆ ಬಿರುಕು ಬಿಟ್ಟು ಗ್ಯಾಸ್ ಒಮ್ಮೆಲೇ ಹೊರಗೆ ಹೋಗುತ್ತದೆ.

ಮೊನೊಮರ್ ಕಡಿಮೆ ಮಾಡಬೇಕಾ, ಅಥವಾ ಉದ್ದ ಸರಪಳಿಯ ಆಕ್ಟೈಲ್ ಸಯನೋಅಕ್ರಿಲೇಟ್ ಬೆರೆಸಿ ಗೋಡೆಯನ್ನು ಮೆದು ಮಾಡಬಹುದಾ? ತೊಳೆಯುವಾಗ ನೀವು ಎಷ್ಟು ವೇಗ ಇಡುತ್ತೀರಿ? 1 ಮೆಗಾಹರ್ಟ್ಸ್‌ನಲ್ಲಿ ಯಾವ ಒತ್ತಡಕ್ಕೆ ಒಡೆಯುತ್ತದೆ ಎಂದು ಅಳೆದವರಿದ್ದರೆ ಆ ಸೆಟಪ್ ಬಗ್ಗೆ ಸ್ವಲ್ಪ ಬರೆಯಿರಿ, ತುಂಬಾ ಉಪಕಾರವಾಗುತ್ತದೆ.